ದೋಣಿಯ ಮೂತಿಯಲ್ಲಿ ಕೂತವನು

ಅಳಿವೆಯ ಪಕ್ಕ ದೋಣಿ ನಡೆಸಲು ಕಲಿಸುತ್ತಿದ್ದ ಬೊಮ್ಮಯ್ಯನ ಎದುರು ಶಿಷ್ಯ ಪುರ್ಸು ಬಂದು ಕೂತ. ಅವನು ನಡೆಸುತ್ತಿದ್ದ ದೋಣಿಯಿಂದ ಬಿದ್ದು ಅವನ ಭಾವ ಜಟ್ಟಪ್ಪ ನೀರುಪಾಲಾಗಿ ನಾಲ್ಕು ದಿನವಾಗಿತ್ತು.

"ಹೇಗಾಯ್ತು ಅಂತ ಅಕ್ಕ ಕೇಳ್ತಾಳೆ. ದೊಡ್ಡ ಅಲೆ ಬಂತು ಅಂದೆ. ಅಷ್ಟು ಸಾಕಲ್ವಾ, ಗುರುಗಳೇ?"

ಬೊಮ್ಮಯ್ಯ ದಡದಲ್ಲಿದ್ದ ಪುರ್ಸುವಿನ ದೋಣಿಯತ್ತ ನೋಡಿದ.

"ದೋಣಿಯಲ್ಲಿ ತಪ್ಪಿರಲಿಲ್ಲ," ಎಂದ ಪುರ್ಸು. "ವೇಗ ಕೊಟ್ಟರೆ ಮೂತಿ ಆಕಾಶ ನೋಡ್ತಿತ್ತು. ಎಂಜಿನ್ನಿನ ನೀರೊಳಗಿನ ಕಾಲಿಗೆ ಎರಡು ರೆಕ್ಕೆ ಕೂರಿಸಿದೆ. ಎಂಜಿನ್ನಿನ ಓರೆ ಹಿಡಿಯುವ ಪಿನ್ನನ್ನು ಒಂದು ತೂತು ಒಳಗೆ ಹಾಕಿ ಎಂಜಿನ್ ಬಾಗಿಸಿದೆ. ಮೂತಿ ಇಳೀತು, ದೋಣಿ ಜಾರಿದ ಹಾಗೆ ಹೋಯ್ತು. ನೀವೇ ದಡದಲ್ಲಿ ನಿಂತು ಭೇಷ್ ಅಂದಿರಿ."

"ಅಂದೆ," ಎಂದ ಬೊಮ್ಮಯ್ಯ. ಎದ್ದು ಹೋಗಿ ಅದೇ ದೋಣಿಯನ್ನು ನೀರಿಗೆ ತಳ್ಳಿದ. "ಹತ್ತು. ಮುಂದೆ ಕೂತ್ಕೊ."

ಪುರ್ಸು ದಡದಲ್ಲೇ ನಿಂತ. ಮುಂದಿನ ಹಲಗೆ ಬಲೆ ಬಿಡುವವನದು, ಜಟ್ಟಪ್ಪನದು. ಎಂಜಿನ್ ಹಿಡಿದವನು ಅಲ್ಲಿ ಕೂರುವ ಪದ್ಧತಿಯೇ ಇಲ್ಲ. ಆದರೂ ಹೋಗಿ ಕೂತ.

ಬೊಮ್ಮಯ್ಯ ಹಿಂದೆ ಕೂತು ಎಂಜಿನ್ ಚಾಲು ಮಾಡಿದ. ರೆಕ್ಕೆಯನ್ನಾಗಲಿ ಪಿನ್ನನ್ನಾಗಲಿ ಮುಟ್ಟಲಿಲ್ಲ. ಅಳಿವೆಯ ಬಾಯಿಗೆ ಬಂದಾಗ ವೇಗ ಏರಿಸಿದ.

ಮೊದಲ ಅಲೆಗೇ ಮೂತಿ ನೀರೊಳಗೆ ನುಗ್ಗಿತು. ಪುರ್ಸುವಿನ ಬಾಯಿಗೆ ಉಪ್ಪುನೀರು ಹೊಕ್ಕಿತು. ಎರಡನೆಯ ಅಲೆಗೆ ಅವನು ಹಲಗೆಯಿಂದ ಕಿತ್ತುಬಂದು ದೋಣಿಯ ಅಂಚಿಗೆ ಬಿದ್ದ. ಅಲ್ಲಿ ಹಿಡಿದುಕೊಳ್ಳಲು ಏನೂ ಇರಲಿಲ್ಲ.

"ಸಾಕು, ಗುರುಗಳೇ. ನಿಲ್ಲಿಸಿ."

ಬೊಮ್ಮಯ್ಯ ವೇಗ ಇಳಿಸಿದ.

"ಇದು ದೊಡ್ಡ ಅಲೆಯಾ?"

"ಅಲ್ಲ."

"ಪಿನ್ನಿಗೆ ತೂತು ಆರಿಸಿದ ದಿನ ಆ ಹಲಗೆ ಮೇಲೆ ಯಾರಿದ್ದರು?"

ಪುರ್ಸು ತಿರುಗಿ ಆ ಹಲಗೆಯನ್ನು ನೋಡಿದ.

"ಯಾರೂ ಇರಲಿಲ್ಲ. ನಾನೊಬ್ಬನೇ ಹಿಂದೆ ಕೂತಿದ್ದೆ. ಅದಕ್ಕೇ ಮೂತಿ ಏಳ್ತಿತ್ತು. ಭಾವ ಮುಂದೆ ಕೂತಿದ್ದರೆ ಅವನ ಭಾರಕ್ಕೇ ಇಳೀತಿತ್ತು."

ದೋಣಿ ದಡ ಮುಟ್ಟಿತು. ಪುರ್ಸು ಇಳಿಯಲಿಲ್ಲ. ಭಾವನ ಹಲಗೆಯ ಮೇಲೆ ಕೂತು ಅತ್ತ. ಹೆಣ ಸುಟ್ಟು ಬಂದ ದಿನವೂ ಅವನಿಗೆ ಅಳು ಬಂದಿರಲಿಲ್ಲ.

"ಅಕ್ಕನಿಗೆ ಏನು ಹೇಳಲಿ?"

ಬೊಮ್ಮಯ್ಯ ಒದ್ದೆ ಪಂಚೆ ಹಿಂಡಿಕೊಂಡ.

"ಅವನ ಜಾಗ ಖಾಲಿ ಬಿಟ್ಟು ದೋಣಿ ಸರಿಮಾಡಿದೆ ಅಂತ ಹೇಳು. ನಡಿ, ನಾನೂ ಬರ್ತೆ. ಭೇಷ್ ಅಂದವ ನಾನು."