ಹಾಲು ಮುಟ್ಟಿಸಿದ ಆಣೆ

“ಬುದ್ಧಿ, ಮನಸ್ಸಿನಲ್ಲಿ ಸಂಶಯ ಹುಟ್ಟಿದ ಮೇಲೆ ನಿಜ ತಿಳಿಯುವವರೆಗೂ ಕೇಳುತ್ತಲೇ ಇರುವುದು ತಪ್ಪೇ?”

ಹೀಗೆ ಕೇಳಿದವನು ಪುಟ್ಟಮಲ್ಲಪ್ಪ. ಸೋಮವಾರದ ಪೂಜೆ ಮುಗಿದು ಜನ ಚದುರಿದ್ದರು. ಅವನೊಬ್ಬ ಮಠದ ಜಗುಲಿಯಲ್ಲಿ ಉಳಿದಿದ್ದ. ಯಾರ ಮೇಲಿನ ಸಂಶಯ ಎಂದು ಅವನು ಹೇಳಲಿಲ್ಲ. ಗುರುಗಳಾದ ಮರುಳಸಿದ್ಧಯ್ಯನವರು ಕೇಳಲೂ ಇಲ್ಲ.

“ಕೂತುಕೋ,” ಎಂದರು ಅವರು. “ಕೇಳುವುದು ತಪ್ಪಲ್ಲ. ಯಾವುದನ್ನು ಕೇಳುತ್ತೀ ಎಂಬುದನ್ನು ನೋಡಿಕೊಳ್ಳಬೇಕು. ಒಂದು ಕತೆ ಹೇಳುತ್ತೇನೆ. ಅದರಲ್ಲಿ ಹೆಂಗಸರ ಮೈಯ ಗುಟ್ಟಿನ ಮಾತು ಬರುತ್ತದೆ. ತಲೆ ತಗ್ಗಿಸಬೇಡ. ದೇವರು ಕೊಟ್ಟ ಮೈ, ಅದಕ್ಕೆ ಬಂದ ಕಾಯಿಲೆ. ಅಷ್ಟೆ.”

ಕತೆ ಹೀಗೆ ಹೇಳಿದರು.

ಒಂದೂರಿನ ಹಾಲಿನ ಡೇರಿಯಲ್ಲಿ ಹಾಲು ನೋಡುವವನೊಬ್ಬನಿದ್ದ. ಜನ ತಂದ ಹಾಲಿಗೆ ಗಾಜಿನ ಮೀಟರು ಅದ್ದಿ, ನೀರು ಬೆರೆತಿದೆಯೋ ಇಲ್ಲವೋ ಎಂದು ಹೇಳುವುದು ಅವನ ಕೆಲಸ. “ಡಿಗ್ರಿ ಬಂದಿಲ್ಲ” ಎಂದು ಅವನ ಬಾಯಲ್ಲಿ ಬಂದರೆ ಹಾಲು ವಾಪಸು. ತಂದವಳು, “ಇಲ್ಲಪ್ಪ, ಕರೆದದ್ದನ್ನು ಕರೆದ ಹಾಗೇ ತಂದಿದ್ದೇನೆ” ಎಂದರೆ ಅವನು ಕ್ಯಾನನ್ನು ಮುಂದೆ ತಳ್ಳಿ, “ಹಾಲು ಮುಟ್ಟಿ ಆಣೆ ಮಾಡು. ನಾಳೆಯೂ ಡಿಗ್ರಿ ಬರದಿದ್ದರೆ ನೀನೇ ಒಪ್ಪಿದ ಹಾಗೆ” ಎನ್ನುತ್ತಿದ್ದ. ಮೇವು ಬದಲಾದರೂ ಡಿಗ್ರಿ ಇಳಿಯುತ್ತದೆ, ಹಸುವಿಗೆ ಮೈ ಸರಿಯಿಲ್ಲದಿದ್ದರೂ ಇಳಿಯುತ್ತದೆ. ಅದು ಅವನಿಗೆ ಗೊತ್ತಿಲ್ಲದ ವಿಷಯವಲ್ಲ. ಆದರೆ ಮೀಟರಿಗಿಂತ ಆಣೆಯ ಮೇಲೆ ಅವನಿಗೆ ನಂಬಿಕೆ ಹೆಚ್ಚು. “ಇವನು ಹೆತ್ತವ್ವನ ಮೊಲೆಹಾಲಿಗೂ ಮೀಟರು ಅದ್ದಿ ಕುಡಿದವನು ಕಣೇ” ಎಂದು ಹೆಂಗಸರು ಅವನ ಬೆನ್ನ ಹಿಂದೆ ನಗುತ್ತಿದ್ದರು.

ಅವನ ಹೆಂಡತಿ ಬಸುರಿಯಾದಳು. ಚೊಚ್ಚಲು. ತವರಿನಲ್ಲಿ ತಾಯಿ ಇಲ್ಲದ ಕಾರಣ ಹೆರಿಗೆ, ಬಾಣಂತನ ಎರಡೂ ಅತ್ತೆಯ ಮನೆಯಲ್ಲೇ ಎಂದು ನಿಶ್ಚಯವಾಯಿತು. ಮಡಿಲು ತುಂಬುವ ಶಾಸ್ತ್ರವೂ ಆಯಿತು. ಅದಾದ ಸ್ವಲ್ಪ ದಿನಕ್ಕೆ ಅವಳಿಗೆ ಹೇಳಿಕೊಳ್ಳಲಾಗದ ಜಾಗದಲ್ಲಿ ಸಣ್ಣ ಸಣ್ಣ ನೀರುಗುಳ್ಳೆಗಳು ಎದ್ದವು. ಒಡೆದು ಹುಣ್ಣಾದವು. ಒಂದಕ್ಕೆ ಹೋದರೆ ಕೆಂಡ ಸುರಿದ ಹಾಗೆ ಉರಿ. ಅವಳು ಅತ್ತೆಗೆ ಹೇಳಿದಳು. ಅತ್ತೆ ಮಗನನ್ನೂ ಕರೆದುಕೊಂಡು ತಾಲ್ಲೂಕು ಆಸ್ಪತ್ರೆಗೆ ಹೊರಟಳು.

ಡಾಕ್ಟರು ಹೆಂಗಸು. ನೋಡಿದರು, ಪರೀಕ್ಷೆಗೆ ಕಳಿಸಿದರು, ಆಮೇಲೆ ಮೂವರನ್ನೂ ಕೂರಿಸಿಕೊಂಡರು. “ಇದಕ್ಕೆ ಹರ್ಪಿಸ್ ಅನ್ನುತ್ತೇವೆ. ಗಂಡು ಹೆಣ್ಣು ಕೂಡುವುದರಿಂದ ಹರಡುವ ಕಾಯಿಲೆ. ಹೆದರಬೇಡಿ, ತುಂಬ ಜನರಿಗೆ ಇರುತ್ತದೆ,” ಎಂದರು.

ಹಾಲು ನೋಡುವವನು ಕೇಳಿದ ಮೊದಲ ಮಾತು, “ಯಾರಿಂದ ಬಂತು?”

“ಅದನ್ನು ಯಾವ ಪರೀಕ್ಷೆಯೂ ಹೇಳುವುದಿಲ್ಲಪ್ಪ. ಇದು ಒಂದು ಸಲ ಮೈ ಹೊಕ್ಕರೆ ನರದ ಬುಡದಲ್ಲಿ ಹೋಗಿ ಮಲಗುತ್ತದೆ. ವರ್ಷಗಟ್ಟಲೆ ಸುಮ್ಮನಿದ್ದು ಯಾವಾಗಲೋ ಏಳುತ್ತದೆ. ಕೆಲವರಿಗೆ ಏಳುವುದೇ ಇಲ್ಲ, ತಮಗೆ ಇದೆ ಎಂದೂ ಅವರಿಗೆ ತಿಳಿಯದು. ಮದುವೆಗೆ ಮುಂಚಿನದೋ ಆಮೇಲಿನದೋ, ಇವರದೋ ನಿಮ್ಮದೋ, ಹೇಗೆ ಹೇಳಲಿ? ತುಟಿಯ ಮೇಲೆ ಗುಳ್ಳೆ ಏಳುತ್ತದಲ್ಲ, ಅದೂ ಇದರ ಒಡಹುಟ್ಟೇ. ಅದರಿಂದಲೂ ಇದು ಬರುವುದುಂಟು.”

ಹಾಲು ನೋಡುವವನು ತುಟಿ ಬಿಗಿದುಕೊಂಡ. ಅವನ ತಾಯಿ ಮಗನ ಮುಖವನ್ನೊಮ್ಮೆ ನೋಡಿದಳು.

ಡಾಕ್ಟರು ಬಸುರಿಯ ಕಡೆಗೆ ತಿರುಗಿದರು. “ನಾವು ಯೋಚಿಸಬೇಕಾದದ್ದು ಹೆರಿಗೆಯ ದಿನದ್ದು. ಆ ದಿನ ಹುಣ್ಣು ಇಲ್ಲದಿದ್ದರೆ ಮಾಮೂಲು ಹೆರಿಗೆ ಮಾಡಿಸಬಹುದು. ಇದ್ದರೆ ಆ ದಾರಿಯಲ್ಲಿ ಬರುವ ಮಗುವಿಗೆ ತಗಲಬಹುದು. ಎಳೆಗೂಸು ಅದನ್ನು ತಡೆಯದು. ಮಿದುಳಿಗೆ ಏರಬಹುದು, ಜೀವಕ್ಕೇ ಬರಬಹುದು. ಆಗ ಹೊಟ್ಟೆ ಕೊಯ್ದು ತೆಗೆಯುವುದೇ ಕ್ಷೇಮ. ಕೊನೆಯ ತಿಂಗಳಿಗೆ ಮಾತ್ರೆ ಕೊಡುತ್ತೇನೆ, ಹೆರಿಗೆಯವರೆಗೂ ಬಿಡದೆ ನುಂಗಿ. ಮತ್ತೆ ಏಳುವುದನ್ನು ಅದು ಆದಷ್ಟೂ ತಡೆಯುತ್ತದೆ. ಇನ್ನೊಂದು ಮಾತು. ಗುಳ್ಳೆ ಎದ್ದಿದ್ದರೆ ನನ್ನ ಕಣ್ಣಿಗೆ ಕಾಣುತ್ತದೆ. ಏಳುವ ಮುಂಚಿನ ಉರಿ ಕಾಣುವುದಿಲ್ಲ. ಅದೂ ಅಪಾಯವೇ. ಅದನ್ನು ನೀವೇ ಬಾಯಿ ಬಿಟ್ಟು ಹೇಳಬೇಕು.”

ಹೆಂಡತಿ ತಲೆಯಾಡಿಸಿದಳು. ಗಂಡನ ಕಿವಿಗೆ ಇದಾವುದೂ ಹೋಗಲಿಲ್ಲ. ಯಾರಿಂದ ಎಂಬಲ್ಲಿಗೇ ಅವನ ಕಿವಿ ಮುಚ್ಚಿಹೋಗಿತ್ತು.

ಅಂದಿನಿಂದ ಆ ಮನೆಯಲ್ಲಿ ನೇರವಾದ ಮಾತು ನಿಂತಿತು. ಅವನು ಅನ್ನ ಕಲಸುತ್ತ ಕೇಳುವನು, “ಮಡಿಲು ತುಂಬಿದ ದಿನ ನಿನ್ನ ಸೋದರಮಾವನ ಮಗ ಬಂದಿದ್ದನಲ್ಲ, ಎಲ್ಲಿ ಮಲಗಿದ್ದ?”

“ಜಗುಲಿಯಲ್ಲಿ. ನಿಮ್ಮ ಪಕ್ಕದಲ್ಲೇ ಅಲ್ಲವೇ? ನಿಮ್ಮ ಗೊರಕೆಗೆ ನಿದ್ದೆಯೇ ಬರಲಿಲ್ಲ ಎಂದು ಬೈದುಕೊಂಡು ಹೋದನಲ್ಲ.”

“ನಿದ್ದೆ ಬರದವನು ಎದ್ದು ಎಲ್ಲಿಗೆ ಹೋದ ಎಂದು ಯಾರಿಗೆ ಗೊತ್ತು?”

ಅವಳು ನಗುವುದನ್ನು ಬಿಟ್ಟಳು. ಬಾಗಿಲಿಗೆ ಬಳೆಗಾರ ಬಂದರೂ ಒಳಗೆ ಸರಿದಳು. ಅವಳು ನಕ್ಕರೆ ಯಾಕೆ ನಕ್ಕಳು, ಸುಮ್ಮನಿದ್ದರೆ ಏನು ಮುಚ್ಚಿಟ್ಟಳು ಎಂದು ಅವನು ಲೆಕ್ಕ ಹಾಕುತ್ತಿದ್ದ. ಹುಣ್ಣು ಒಣಗಿತು. ಅವನ ಹೊಟ್ಟೆಯೊಳಗಿನದು ಒಣಗಲಿಲ್ಲ. ಕಡೆಗೊಂದು ದಿನ ತಾಯಿ ಮನೆಯಲ್ಲಿಲ್ಲದ ಹೊತ್ತು ನೋಡಿ ದೇವರ ಮುಂದೆ ದೀಪ ಹಚ್ಚಿಸಿ, ಹಾಲಿನ ತಂಬಿಗೆ ಇಟ್ಟು, ಹೆಂಡತಿಯನ್ನು ಕರೆದ. “ಹಾಲು ಮುಟ್ಟಿ ಆಣೆ ಮಾಡು. ನೀನು ಶುದ್ಧವಾಗಿದ್ದರೆ ಅದು ಮತ್ತೆ ಬರಬಾರದು. ಬಂದರೆ ನೀನೇ ಒಪ್ಪಿದ ಹಾಗೆ.”

ಅವಳಲ್ಲಿ ತಪ್ಪಿರಲಿಲ್ಲ. ಆದ್ದರಿಂದ ಹೆದರದೆ ಹಾಲಿಗೆ ಬೆರಳು ಮುಟ್ಟಿಸಿದಳು.

ಇಲ್ಲಿ ಪುಟ್ಟಮಲ್ಲಪ್ಪ ತಡೆದ. “ಆಣೆ ಮಾಡಿಸಿದ್ದು ಸರಿಯೇ ಅಲ್ಲವೇ ಬುದ್ಧಿ? ಮನಸ್ಸಿನಲ್ಲಿ ಕಳ್ಳ ಇಲ್ಲದಿದ್ದರೆ ಭಯ ಏಕೆ?”

“ನಿನ್ನನ್ನೂ ಆ ಡೇರಿಗೆ ಸೇರಿಸಬಹುದಿತ್ತು,” ಎಂದು ಗುರುಗಳು ಮುಂದುವರಿಸಿದರು.

ಕೊನೆಯ ತಿಂಗಳು ಬಂತು. ಅತ್ತೆ ಆಸ್ಪತ್ರೆಗೆ ಕರೆದೊಯ್ದು ಮಾತ್ರೆ ತಂದುಕೊಟ್ಟಳು. ಸೊಸೆ ಮಾತ್ರೆಯನ್ನು ಅಂಗೈಯಲ್ಲಿ ಇಟ್ಟುಕೊಂಡಾಗ ಗಂಡ, “ಆಣೆ ಮಾಡಿದ ಮೇಲೂ ಮಾತ್ರೆ ಬೇಕೇ? ನಿನಗೇ ನಿನ್ನ ಮೇಲೆ ನಂಬಿಕೆ ಇಲ್ಲವೇ?” ಎಂದ. ಅಷ್ಟೇ ಅಂದದ್ದು. ಮಾತ್ರೆ ನುಂಗುವುದೆಂದರೆ ದಿನವೂ ತಪ್ಪು ಒಪ್ಪಿಕೊಂಡ ಹಾಗೆ ಎಂದು ಅವಳಿಗೆ ಅನ್ನಿಸಿತು. ಅತ್ತೆಯ ಎದುರು ಬಾಯಿಗೆ ಹಾಕಿಕೊಂಡು, ಹಿತ್ತಲಿಗೆ ಹೋಗಿ ಉಗಿದುಬಿಡುತ್ತಿದ್ದಳು.

ಹೀಗಿರುವಾಗ ಒಂದು ದಿನ ಅವಳು ಮಣೆಯ ತುದಿಗೆ ಕೂತಳು. ಪೂರ್ತಿ ಕೂರಲಿಲ್ಲ. ಬಚ್ಚಲಿಗೆ ಹೋದವಳು ಹೊರಗೆ ಬರಲು ತಡವಾಯಿತು. ಒಳಗಿನಿಂದ ಚೊಂಬು ಚೊಂಬಾಗಿ ನೀರು ಹುಯ್ದುಕೊಳ್ಳುವ ಸದ್ದು ಬಂತು. ಹೊರಬಂದಾಗ ಕಣ್ಣು ಕೆಂಪಗಿತ್ತು. ಮನೆಯಲ್ಲಿ ಇನ್ಯಾರೂ ಗಮನಿಸಲಿಲ್ಲ. ಅವನು ಗಮನಿಸಿದ. ಸಂಶಯಕ್ಕಿರುವಷ್ಟು ಚುರುಕು ಕಣ್ಣು ಪ್ರೀತಿಗೂ ಇರುವುದಿಲ್ಲ. ಡಿಗ್ರಿ ಬಂದಿಲ್ಲ ಎಂದುಕೊಂಡ. ಆದರೆ ಬಾಯಿ ಬಿಡಲಿಲ್ಲ. ನೀರು ಹಾಕಿದವಳು ಮರುದಿನದ ಹಾಲು ತರಲಿ ಎಂದು ಡೇರಿಯಲ್ಲಿ ಕಾಯುವ ಹಾಗೆ ಕಾದ.

ಮಾರನೆಯ ಬೆಳಿಗ್ಗೆ, ಅವನು ಡೇರಿಯಲ್ಲಿ ಹಾಲು ನೋಡುತ್ತಿದ್ದಾಗಲೇ, ಅವಳಿಗೆ ನೋವು ಶುರುವಾಯಿತು. ಅವನನ್ನು ಡೇರಿಯಿಂದ ಕರೆಸಿ, ಮೂವರೂ ಆಟೋ ಮಾಡಿಕೊಂಡು ಆಸ್ಪತ್ರೆಗೆ ಹೋದರು. ಡಾಕ್ಟರು ಅವಳನ್ನು ಪರದೆಯ ಹಿಂದೆ ಮಲಗಿಸಿದರು. ಅವನು ಪರದೆಯ ಈಚೆ ನಿಂತ.

“ಗುಳ್ಳೆ ಏನೂ ಕಾಣುತ್ತಿಲ್ಲ,” ಎಂದರು ಡಾಕ್ಟರು. “ಉರಿ ಇದೆಯೇನಮ್ಮ? ಜುಮ್ಮೆನ್ನುವುದು, ಚುಚ್ಚುವುದು? ಸರಿಯಾಗಿ ಹೇಳಿ.”

ಪರದೆಯ ಕೆಳಗೆ ಗಂಡನ ಪಾದ ಕಾಣುತ್ತಿತ್ತು. ಅವಳು ಆ ಪಾದವನ್ನೇ ನೋಡುತ್ತ, “ಇಲ್ಲ ಡಾಕ್ಟ್ರಮ್ಮ,” ಎಂದಳು.

“ಹಾಗಾದರೆ ಮಾಮೂಲು ಹೆರಿಗೆಗೇ ಬಿಡೋಣ. ನೀರುಚೀಲ ಒಡೆಯಲು ಇನ್ನೂ ಹೊತ್ತಿದೆ.”

ಅವನು ಹೊರಗೆ ಬಂದು ತಾಯಿಯ ಪಕ್ಕದ ಬೆಂಚಿನಲ್ಲಿ ಕೂತ. ಅವನ ಮುಖದಲ್ಲಿ ಗೆದ್ದವನ ಕಳೆ ಇತ್ತು.

“ಏನೋ ಅದು, ಸಕ್ಕರೆ ತಿಂದವನ ಹಾಗೆ ಕೂತಿದ್ದೀಯಲ್ಲ?” ಎಂದಳು ತಾಯಿ.

“ಸಿಕ್ಕಿಬಿದ್ದಳು ಅವ್ವ. ಉರಿ ಇದೆ, ನಿನ್ನೆಯಿಂದ ನೋಡಿದ್ದೇನೆ. ಡಾಕ್ಟರ ಮುಂದೆ ಇಲ್ಲ ಎಂದಳು. ಆಣೆ ಮಾಡಿದ್ದಳಲ್ಲ, ಇದೆ ಎನ್ನಲು ಬಾಯಿ ಎಲ್ಲಿಂದ ಬರಬೇಕು?”

ಆಣೆಯ ವಿಷಯ ಮುದುಕಿಗೆ ತಿಳಿದದ್ದು ಆಗಲೇ. ಅವಳು ಎದ್ದು ನಿಂತಳು. “ಯಾವ ಆಣೆಯೋ? ಚಿಕ್ಕಂದಿನಿಂದ ನಿನ್ನ ತುಟಿಯಲ್ಲಿ ಗುಳ್ಳೆ ಏಳುತ್ತಲೇ ಇದೆ. ಜ್ವರ ಒಡೆಯಿತು, ಒಳ್ಳೆಯದಾಯಿತು ಎಂದು ಊರೆಲ್ಲ ಹೇಳಿಕೊಂಡು ಬಂದೆ. ಡಾಕ್ಟ್ರಮ್ಮ ಅಂದದ್ದು ಕೇಳಿಸಲಿಲ್ಲವೇ, ಅದೂ ಇದೂ ಒಡಹುಟ್ಟು ಎಂದು? ನಿನ್ನ ತುಟಿಗೆ ನಾನು ತುಪ್ಪ ಸವರಿದೆ ಕಣೋ, ಆಣೆ ಹಾಕಿಸಲಿಲ್ಲ. ಉರಿ ಇದ್ದರೆ ಮಗುವಿನ ಜೀವಕ್ಕೇ ಬರುತ್ತದಂತೆ, ಗೊತ್ತಿದ್ದೂ ಗೊತ್ತಿದ್ದೂ ಇಲ್ಲಿ ಬಂದು ಕೂತಿದ್ದೀಯಲ್ಲ, ಏಳೋ ಮೇಲೆ!”

ಅವನ ಕೈ ತುಟಿಗೆ ಹೋಯಿತು. ಆ ಹೊತ್ತಿಗೆ ಅಲ್ಲಿ ಏನೂ ಇರಲಿಲ್ಲ. ಇರಲಿಲ್ಲ ಎಂಬುದೇ ಅವನಿಗೆ ಹೆದರಿಕೆ ಹುಟ್ಟಿಸಿತು. ತನ್ನೊಳಗೆ ಮಲಗಿರುವುದಕ್ಕೆ ತಾನು ಯಾವ ಹಾಲು ಮುಟ್ಟಲಿ? ಯಾರಿಂದ ಬಂತೆಂದು ತನ್ನನ್ನು ಯಾರಾದರೂ ಕೇಳಿದರೆ ಏನು ಹೇಳಲಿ?

ಒಳಗೆ ಅವಳು ನರಳಿದ್ದು ಕೇಳಿಸಿತು. ಅವನು ಓಡಿದ. ಪರದೆ ಸರಿಸಿದ. ನರ್ಸು ಗದರಿದರೂ ನಿಲ್ಲಲಿಲ್ಲ.

“ಡಾಕ್ಟ್ರಮ್ಮ, ಉರಿ ಇದೆ. ನಿನ್ನೆಯಿಂದ ಇದೆ. ನಾನು ಆಣೆ ಹಾಕಿಸಿದ್ದೆ, ಅದಕ್ಕೆ ಅವಳು ಹೇಳುತ್ತಿಲ್ಲ.”

ಹೆಂಡತಿ ಗೋಡೆಯ ಕಡೆಗೆ ಮುಖ ತಿರುಗಿಸಿದಳು. “ಹಾಗಾದರೆ ನಾನೇ ಒಪ್ಪಿದ ಹಾಗಾಯಿತಲ್ಲ?” ಎಂದಳು.

ಅವನದೇ ಮಾತು. ಡೇರಿಯ ಕಟ್ಟೆಯ ಈಚೆ ನಿಂತು ಅವನು ಎಷ್ಟೋ ಜನರಿಗೆ ಹೇಳಿದ್ದ. ಕಟ್ಟೆಯ ಆಚೆ ನಿಂತು ಕೇಳಿದ್ದು ಅದೇ ಮೊದಲು.

“ಇಲ್ಲ. ಆಣೆ ಹಾಕಿಸಿದವನು ನಾನು, ಅದನ್ನು ಬಿಡಿಸುವವನೂ ನಾನೇ. ಅದಕ್ಕೇನಾದರೂ ಫಲ ಇದ್ದರೆ ನನ್ನ ತಲೆಗೆ ಬರಲಿ. ನೀನು ನಿಜ ಹೇಳು.”

ಇದೂ ಅವನ ಇನ್ನೊಂದು ಪರೀಕ್ಷೆಯೋ ಏನೋ ಎಂದು ಅವಳಿಗೆ ಅನುಮಾನ. ಸಂಶಯ ಅಂಟುರೋಗ, ಅಷ್ಟು ದಿನ ಜೊತೆಗಿದ್ದವಳಿಗೆ ಅದೂ ತಗಲಿತ್ತು. ಅವಳು ಅವನನ್ನು ಬಿಟ್ಟು, ಬಾಗಿಲಲ್ಲಿ ನಿಂತ ಅತ್ತೆಯ ಮುಖ ನೋಡಿದಳು. ಮುದುಕಿ ಕಣ್ಣಲ್ಲೇ ಹೂಂ ಎಂದಳು.

“ಇದೆ ಡಾಕ್ಟ್ರಮ್ಮ,” ಎಂದಳು ಆಗ. “ಮಾತ್ರೆಯನ್ನೂ ನುಂಗಲಿಲ್ಲ.”

ಡಾಕ್ಟರು ಯಾರನ್ನೂ ಬೈಯಲಿಲ್ಲ. “ನೀರುಚೀಲ ಇನ್ನೂ ಒಡೆದಿಲ್ಲ, ಹೊತ್ತು ಮೀರಿಲ್ಲ. ಈಗಲಾದರೂ ಹೇಳಿದಿರಿ,” ಎಂದು ಆಪರೇಷನ್ನಿಗೆ ಸಿದ್ಧ ಮಾಡಲು ನರ್ಸಿಗೆ ಹೇಳಿದರು. ಅವಳನ್ನು ಒಳಗೆ ಕರೆದೊಯ್ದರು. ಬಾಗಿಲು ಮುಚ್ಚಿತು. ತಾಯಿ ಮಗ ಇಬ್ಬರೂ ಆ ಮುಚ್ಚಿದ ಬಾಗಿಲಿನ ಮುಂದೆ ನಿಂತರು.

ಇಷ್ಟು ಹೇಳಿ ಮರುಳಸಿದ್ಧಯ್ಯನವರು ಸುಮ್ಮನಾದರು. ಚೊಂಬಿನ ನೀರು ಕುಡಿದರು. ಹೆಗಲ ವಸ್ತ್ರದಿಂದ ಬಾಯಿ ಒರೆಸಿಕೊಂಡರು.

ಪುಟ್ಟಮಲ್ಲಪ್ಪ ಕತೆ ಮುಂದುವರಿಯಲಿ ಎಂದು ಕಾದ. ಗುರುಗಳು ಮುಂದುವರಿಸುವಂತೆ ಕಾಣಲಿಲ್ಲ. ಅವನು ಹತ್ತಿರ ಸರಿದು, ಯಾರಿಗಾದರೂ ಕೇಳಿಸೀತೆಂಬ ಹಾಗೆ ದನಿ ತಗ್ಗಿಸಿದ.

“ಅದೆಲ್ಲ ಸರಿ ಬುದ್ಧಿ. ಕೊನೆಗೂ ಅದು ಅವಳಿಗೆ ಬಂದದ್ದು ಯಾರಿಂದ? ಗಂಡನಿಂದಲೋ, ಇಲ್ಲ ಆ ಸೋದರಮಾವನ ಮಗನಿಂದಲೋ?”

ಗುರುಗಳು ಚೊಂಬನ್ನು ಪಕ್ಕಕ್ಕೆ ಸರಿಸಿದರು.

“ಒಳಗೆ ಮಗು ಅತ್ತಿತೇ ಎಂದು ನೀನು ಕೇಳಲೇ ಇಲ್ಲವಲ್ಲ, ಮಲ್ಲಪ್ಪ.”