ಅರ್ಧಕ್ಕೇ ನಿಂತ ಇಸಿಜಿ

ಹುಬ್ಬಳ್ಳಿಯಲ್ಲಿ ಧರಣೇಂದ್ರ ಎಂಬ ಎಂಜಿನಿಯರ್ ಇದ್ದ. ಯುಎಸ್‌ಬಿ ಮೋಡೆಮ್‌ಗಳಿಗೆ ಡ್ರೈವರ್ ಬರೆಯುವುದು ಅವನ ಕೆಲಸ. ಡ್ರೈವರ್ ಎಂದರೆ ಇಲ್ಲಿ ಗಾಡಿ ಓಡಿಸುವವನಲ್ಲ ಮಕ್ಕಳೇ, ಕಂಪ್ಯೂಟರ್ ಕೊಟ್ಟ ಮಾಹಿತಿಯನ್ನು ಮೋಡೆಮ್‌ಗೆ ದಾಟಿಸುವ ಪ್ರೋಗ್ರಾಂ. ಧರಣೇಂದ್ರ ಬುದ್ಧಿವಂತ. ಅದು ಅವನಿಗೂ ಗೊತ್ತಿತ್ತು, ಸ್ವಲ್ಪ ಹೆಚ್ಚಾಗಿಯೇ.

ಅವನ ಡ್ರೈವರ್ ಇದ್ದ ಒಂದು ಮೋಡೆಮ್ ಕುಂಬರಗಾಳಿ ಎಂಬ ಗುಡ್ಡದ ಊರಿನ ಆರೋಗ್ಯ ಕೇಂದ್ರಕ್ಕೆ ಹೋಗಿತ್ತು. ಅಲ್ಲಿನ ನರ್ಸ್ ಜುಲಿಯಾನಾ ರೋಗಿಗಳ ಇಸಿಜಿ ತೆಗೆದು, ಪಟ್ಟಣದ ಹೃದಯ ತಜ್ಞರಿಗೆ ಆ ಮೋಡೆಮ್ ಮೂಲಕವೇ ಕಳಿಸಬೇಕಿತ್ತು. ಆದರೆ ಪ್ರತಿ ಇಸಿಜಿಯೂ ಹರಿದ ಪಟದಂತೆ ಅರ್ಧಂಬರ್ಧ ತಲುಪುತ್ತಿತ್ತು. ಹಾಗಾಗಿ ಎದೆನೋವು ಎಂದವರನ್ನೆಲ್ಲ ಜೀಪಿನಲ್ಲಿ ಅರವತ್ತು ಕಿಲೋಮೀಟರ್ ಕುಲುಕಿಸಿಕೊಂಡು ಒಯ್ಯಬೇಕಾಗಿತ್ತು.

ಜುಲಿಯಾನಾ ಫೋನ್ ಮಾಡಿದಳು. "ಸರ್, ನಮ್ಮ ಜೀಪಿನ ಡ್ರೈವರ್ ರಜಾ ಹಾಕ್ತಾನ. ನಿಮ್ಮ ಡ್ರೈವರ್ ನಡುದಾರ್ಯಾಗ ಇಳದು ಹೋಗ್ತಾನ. ನಾವೇನ್ ಮಾಡೂಣ್ರಿ?"

"ನಿಮ್ಮಲ್ಲಿ ಸಿಗ್ನಲ್ ಇಲ್ಲ. ನನ್ನ ಟೇಬಲ್ ಮ್ಯಾಲೆ ಎಲ್ಲಾ ಸರಿ ಐತಿ."

"ಹಂಗಲ್ರಿ ಸರ್, ನಾ ಒಂದ್ ಗಮನಿಸೀನಿ..."

"ಅದೆಲ್ಲ ನಿಮಗ ತಿಳ್ಯಾಂಗಿಲ್ಲ ಸಿಸ್ಟರ್," ಎಂದು ಧರಣೇಂದ್ರ ಫೋನ್ ಇಟ್ಟ.

ಆಮೇಲೆ ಮೂರು ವಾರ ಒದ್ದಾಡಿದ. ವೇಗ ತಗ್ಗಿಸಿದ, ಕೇಬಲ್ ಬದಲಿಸಿದ, ಡ್ರೈವರನ್ನೇ ಎರಡು ಸಲ ಹೊಸದಾಗಿ ಬರೆದು ಕಳಿಸಿದ. ಇಸಿಜಿ ಮಾತ್ರ ಅರ್ಧಕ್ಕೇ ನಿಲ್ಲುತ್ತಿತ್ತು. ಕೊನೆಗೆ ತನಗೆ ವಿದ್ಯೆ ಕಲಿಸಿದ ಮೆಹರುನ್ನೀಸಾ ಮೇಡಂ ಬಳಿ ಹೋದ.

"ಎಷ್ಟು ಸಲ ಬದಲಾಯಿಸಿದಿ?" ಎಂದು ಕೇಳಿದರು ಅವರು.

"ಹದಿನೇಳು ಸಲ."

"ಆ ನರ್ಸ್‌ನ್ನ ಎಷ್ಟು ಸಲ ಕೇಳಿದಿ?"

"ಒಂದ್ ಸಲಾನೂ ಇಲ್ರಿ ಮೇಡಂ."

"ನಾಳೆ ಅಲ್ಲಿಗೇ ಹೋಗು. ಲ್ಯಾಪ್‌ಟಾಪ್ ಆಮ್ಯಾಲೆ ತೆಗಿ. ಮೊದಲು ಬಾಯಿ ಮುಚ್ಚು."

ಅವನು ಹೋದಾಗ ಆರೋಗ್ಯ ಕೇಂದ್ರದಲ್ಲಿ ಧೊಂಡು ಎಂಬ ಎಮ್ಮೆ ಕಾಯುವ ಅಜ್ಜ ಎದೆ ಹಿಡಿದುಕೊಂಡು ಮಲಗಿದ್ದ. ಜೀಪು ಇರಲಿಲ್ಲ. ಜುಲಿಯಾನಾ ಇಸಿಜಿ ತೆಗೆದು ಮೂರು ಸಲ ಕಳಿಸಿದ್ದಳು. ಮೂರು ಸಲವೂ ಅರ್ಧ. ತನ್ನ ಕೆಲಸದ ಆಚೆ ತುದಿಯಲ್ಲಿ ಒಂದು ಜೀವ ಇರುತ್ತದೆಂದು ಧರಣೇಂದ್ರ ಕಣ್ಣಾರೆ ಕಂಡದ್ದು ಅವತ್ತೇ.

"ಸಿಸ್ಟರ್, ಅವತ್ತು ನೀವು ಏನೋ ಹೇಳಾಕ ಹೊಂಟಿದ್ರಿ. ಈಗ ಹೇಳ್ರಿ."

ಜುಲಿಯಾನಾ ಒಂದು ನೋಟ್‌ಬುಕ್ ತೆರೆದಳು. ರಕ್ತದ ವರದಿ, ಹೋಯಿತು. ಔಷಧಿ ಚೀಟಿ, ಹೋಯಿತು. ಇಸಿಜಿ, ಅರ್ಧ. ಗುಡ್ಡದ ನೆತ್ತಿಯ ಮೇಲೆ, ಪೂರ್ತಿ ಸಿಗ್ನಲ್ ಇದ್ದಾಗ ಇಸಿಜಿ, ಅರ್ಧ.

"ಸಿಗ್ನಲ್ ಅಲ್ರಿ ಸರ್. ಸಣ್ಣದು ಹೋಗ್ತೈತಿ, ದೊಡ್ಡದು ಅರ್ಧಕ್ಕ ಹರೀತೈತಿ."

ಧರಣೇಂದ್ರ ಹಣೆ ಚಚ್ಚಿಕೊಂಡ. ಟೇಬಲ್ ಮೇಲೆ ಅವನು ಕಳಿಸಿ ನೋಡಿದ್ದೆಲ್ಲ ಒಂದೇ ಸಾಲಿನ ಸಂದೇಶಗಳು! ಡ್ರೈವರ್ ತೆರೆದು ನೋಡಿದ. ದೊಡ್ಡ ಕಡತ ಬಂದಾಗ ಮೋಡೆಮ್ ತನಗೆ ಹಿಡಿಸಿದಷ್ಟು ತೆಗೆದುಕೊಂಡು, 'ಇಷ್ಟೇ ಸಿಕ್ಕಿತು' ಎಂದು ಲೆಕ್ಕ ಹೇಳುತ್ತಿತ್ತು. ಡ್ರೈವರ್ ಆ ಉತ್ತರ ಕೇಳದೆ ಉಳಿದದ್ದನ್ನು ಎಸೆದುಬಿಡುತ್ತಿತ್ತು. ಉಳಿದದ್ದನ್ನು ಮತ್ತೆ ಮತ್ತೆ ಕೊಡುವಂತೆ ನಾಲ್ಕೇ ಸಾಲು ಸೇರಿಸಿದ.

ಇಸಿಜಿ ಹೋಯಿತು. ಐದೇ ನಿಮಿಷದಲ್ಲಿ ತಜ್ಞರ ಫೋನ್ ಬಂತು. "ಪೂರ್ತಿ ಬಂದಿದೆ! ಸದ್ಯಕ್ಕೆ ಹೃದಯ ಸರಿಯಾಗಿಯೇ ಇದೆ. ಸಂಜೆ ಇನ್ನೊಂದು ಕಳಿಸಿ. ಅಜ್ಜ ಏನಾದರೂ ಭಾರ ಎತ್ತಿದ್ರಾ?"

"ಎಮ್ಮಿ ಕರು ಹಳ್ಳದಾಗ ಬಿದ್ದಿತ್ತು, ಎತ್ತೀನಿ," ಎಂದ ಅಜ್ಜ ನಾಚಿಕೊಂಡು.

ಸಂಜೆಯ ಇಸಿಜಿಯೂ ಪೂರ್ತಿ ಹೋಯಿತು, ಅದೂ ಚೆನ್ನಾಗಿತ್ತು. ಧರಣೇಂದ್ರ ಡ್ರೈವರಿನ ಆ ನಾಲ್ಕು ಸಾಲುಗಳ ಮೇಲೆ ಬರೆದ: 'ಈ ದೋಷ ಕಂಡುಹಿಡಿದವರು ನರ್ಸ್ ಜುಲಿಯಾನಾ.' ಅವಳು ತನ್ನ ಹೆಸರನ್ನು ಎರಡು ಸಲ ಓದಿ, ಕೇಂದ್ರದ ಅಡುಗೆಯವಳನ್ನೂ ಕರೆದು ತೋರಿಸಿದಳು.

ಅಜ್ಜ ಎದ್ದು ಕೂತ. "ನಂದೂ ಹೆಸರು ಹಾಕ್ರಿ ಮತ್ತ. ಎದಿ ನೋವು ನಂದಲ್ಲೇನು?"

ಎಲ್ಲರೂ ನಗುತ್ತಿರುವಾಗಲೇ ಧರಣೇಂದ್ರ ಅದನ್ನೂ ಸೇರಿಸಿದ.

ನೀತಿ: ತಪ್ಪು ತಿದ್ದುವ ಮೊದಲು, ಅದರಿಂದ ಕಷ್ಟಪಟ್ಟವರ ಮಾತನ್ನು ಕೊನೆಯವರೆಗೂ ಕೇಳು. ನೀನು ಹುಡುಕುತ್ತಿರುವ ಉತ್ತರ ಅವರ ಬಳಿ ಆಗಲೇ ಇರಬಹುದು.