ಓಬಯ್ಯ ಕೆಂಚಿಯ ಕಂಬಳಿ ಒಗೆದದ್ದು

ನಾನು ಒಂದು ಸಲ ಕಣ್ಣು ಬಿಟ್ಟು ನೋಡಿದರೆ ಸಾಕು, ಹುಲಿಯಂಥ ನಾಯಿನೂ ಬಾಲ ಮುದುರಿಕೊಂಡು ನನ್ನ ಕಾಲ ಹತ್ತಿರ ಮಲಗುತ್ತೆ, ಗೊತ್ತಾ ಪುಟ್ಟಿ? ಸುಳ್ಳು. ನಿನ್ನೆ ಪಕ್ಕದ ಮನೆಯ ಬಿಳೀ ಮರಿ ನನ್ನ ಪಂಚೆ ಹಿಡಿದು ಎಳೆದಾಗ ನಾನು ಎಲ್ಲಿದ್ದೆ ಅಂತ ನಿಮ್ಮಮ್ಮನ್ನ ಮಾತ್ರ ಕೇಳಬೇಡ, ಜಗಲಿ ಕಂಬ ಹತ್ತಿದ್ದೆ. ಆದರೆ ಈ ಕತೆ ನಿಜ, ನಮ್ಮಜ್ಜಿ ಹೇಳಿದ್ದು. ಅಜ್ಜಿ ಹೇಳುವಾಗ ನನಗೆ ನಡುನಡುವೆ ನಿದ್ದೆ ಬಂದುಬಿಡ್ತಿತ್ತು, ಅದಕ್ಕೆ ನಿದ್ದೆ ಹೋದ ಕಡೆಯೆಲ್ಲ ನಾನೇ ತೇಪೆ ಹಾಕಿದೀನಿ. ನೀನು ಹೂಂಗುಟ್ಟುತ್ತಾ ಇರು. ಹೂಂ ನಿಂತರೆ ಕತೆನೂ ನಿಲ್ಲುತ್ತೆ.

ಒಂದಾನೊಂದು ಕಾಲ ಅಂದರೆ ತೋಳಗಳು ಹಟ್ಟಿಯ ಬೇಲಿ ತನಕ ಬರ್ತಿದ್ದ ಕಾಲ. ಆಗ ಕುರಿ ಸಾಕೋರ ಒಂದು ಹಟ್ಟಿಯಲ್ಲಿ ಓಬಯ್ಯ ಅಂತ ಒಬ್ಬನಿದ್ದನಂತೆ, ಅವನ ಹೆಂಡತಿ ಕಾಟಮ್ಮ, ಒಬ್ಬಳೇ ಮಗಳು ಸಿರಿಯವ್ವ ಮದುವೆಯಾಗಿ ಗಂಡನ ಹಟ್ಟಿ ಸೇರಿದ್ದಳಂತೆ, ಆಮೇಲೆ ಕೆಂಚಿ ಅಂತ ಒಂದು ಕೆಂಪು ನಾಯಿ. ಕೆಂಚಿ ಮರಿಯಾಗಿದ್ದಾಗ ತೋಳ ಅದರ ಕಿವಿ ಹಿಡಿದು ಎಳೆದಿತ್ತಂತೆ, ಓಬಯ್ಯ ಕೋಲು ಬೀಸಿ ಬಿಡಿಸಿ, ಹೊದ್ದಿದ್ದ ಕಂಬಳಿಯಲ್ಲೇ ಸುತ್ತಿ, ಎದೆಗೆ ಅವುಚಿಕೊಂಡು ಮನೆಗೆ ತಂದನಂತೆ. ಕಿವಿ ವಾಸಿಯಾಯ್ತು, ಹೆದರಿಕೆ ವಾಸಿಯಾಗಲಿಲ್ಲ. ಹೊಸ ಮನುಷ್ಯರ ವಾಸನೆ ಬಂತೋ, ಬೆನ್ನಿನ ಕೂದಲೆಲ್ಲ ನಿಮಿರಿಸಿಕೊಂಡು, ಹಗ್ಗ ಹರಿಯೋ ಹಾಗೆ ಎಗರೋದಂತೆ. ಬಳೆಗಾರ ಆ ಬೀದಿಗೆ ಬರೋದೇ ಬಿಟ್ಟನಂತೆ, ಉಪ್ಪು ಮಾರೋನು ದೂರದಲ್ಲೇ ಕೂಗಿ, ಉಪ್ಪನ್ನ ಕಲ್ಲಿನ ಮೇಲೆ ಸುರಿದು ಓಡಿಹೋಗ್ತಿದ್ದನಂತೆ. ನಿನ್ನದು ನಾಯಿಯಲ್ಲ ಕಣಪ್ಪ, ಮಾರಿ, ಅಂತ ಜನ ಅಂದರೆ ಓಬಯ್ಯ ನಕ್ಕು ಅದರ ತಲೆ ಸವರ್ತಿದ್ದನಂತೆ. ಅವನ ಕಣ್ಣಿಗೆ ಅದು ಇನ್ನೂ ಕಂಬಳಿಯೊಳಗೆ ನಡುಗ್ತಿದ್ದ ಮರಿಯೇ.

ಹೀಗಿರುವಾಗ ಸಿರಿಯವ್ವನಿಗೆ ದಿನ ತುಂಬುತ್ತಾ ಬಂದು, ಚೊಚ್ಚಲ ಬಾಣಂತನಕ್ಕೆ ತವರಿಗೆ ಬರ್ತಾಳೆ ಅಂತ ಸುದ್ದಿ ಬಂತಂತೆ. ಹಟ್ಟಿಯ ಗೌಡ ಜುಂಜಣ್ಣ ಬೇಲಿಯ ಆಚೆಯೇ ನಿಂತುಕೊಂಡು ಹೇಳಿದನಂತೆ, ನೋಡು ಓಬಯ್ಯ, ಬಾಣಂತಿ ಇರೋ ಮನೆ, ತೊಟ್ಟಿಲು ಕಟ್ಟೋ ದಿನ ಬೀಗರು ಬರ್ತಾರೆ, ನೆಂಟರು ಬರ್ತಾರೆ, ಅಷ್ಟರೊಳಗೆ ಇದು ಸುಮ್ಮನಿರೋದು ಕಲಿತರೆ ಸರಿ, ಅವತ್ತು ಯಾರಿಗೇ ಹಲ್ಲು ಹಾಕಿದರೂ ಇದಕ್ಕೆ ನಮ್ಮ ಹಟ್ಟಿಯಲ್ಲಿ ಜಾಗ ಇಲ್ಲ, ಆಮೇಲೆ ನನ್ನ ಮೇಲೆ ಬೇಜಾರು ಮಾಡ್ಕೋಬೇಡ. ಓಬಯ್ಯ ಏನಂತಾನೆ? ಮಗಳನ್ನ ಬರಬೇಡ ಅನ್ನೋಕಾಗುತ್ತಾ? ಕೆಂಚಿಯನ್ನ ಹೋಗು ಅನ್ನೋಕಾಗುತ್ತಾ?

ಮೊದಲು ಯಾರೋ, ಬೊಗಳಿದಾಗಲೆಲ್ಲ ಕೋಲಲ್ಲಿ ಎರಡು ಬಿಡು, ಅಂದರಂತೆ. ಓಬಯ್ಯ ಮುಖ ಆಚೆ ತಿರುಗಿಸಿಕೊಂಡೇ ಎರಡು ಏಟು ಬಿಟ್ಟನಂತೆ. ಕೆಂಚಿ ಬೊಗಳೋದು ನಿಲ್ಲಿಸಿತಂತೆ, ಮೊದಲು ಬೊಗಳಿ ಹೆದರಿಸ್ತಿತ್ತಲ್ಲ, ಈಗ ಸದ್ದಿಲ್ಲದೆ ಬಂದು ಸೀದಾ ಕಣಕಾಲಿಗೇ ಬಾಯಿ ಹಾಕೋಕೆ ಶುರು ಮಾಡಿತಂತೆ. ಆಮೇಲೆ ಪೂಜಾರಪ್ಪ ತಾಯಿತ ಕಟ್ಟಿಕೊಟ್ಟನಂತೆ, ಅದನ್ನ ಕೆಂಚಿ ದಾರ ಸಮೇತ ನುಂಗಿತಂತೆ. ಮೂರನೇದಾಗಿ, ಊರೂರು ಅಲೆಯೋ ಕುರಿಮಂದೆಯ ಯಜಮಾನಿ ಬೋರಕ್ಕ, ಹಟ್ಟಿಯ ಹೊಲದಲ್ಲಿ ಮಂದೆ ನಿಲ್ಲಿಸಿದ್ದಳಂತೆ. ಅವಳ ನಾಯಿಗಳು ಎಂಥಾ ಗದ್ದಲದಲ್ಲೂ ಆಕಳಿಸಿಕೊಂಡು ಮಲಗಿರ್ತಿದ್ದವಂತೆ. ಓಬಯ್ಯ ಹೋಗಿ, ಅಕ್ಕಾ, ನನ್ನ ಕೆಂಚಿಗೂ ಒಂದಿಷ್ಟು ಬುದ್ಧಿ ಕಲಿಸು, ಅಂದನಂತೆ.

ಬೋರಕ್ಕ ಎಲೆಅಡಿಕೆ ಉಗುಳಿ, ಹಗ್ಗ ತಗೊಂಡು ಬಂದಳಂತೆ. ಬಂದವಳು ಕೆಂಚಿಗೆ ಕಟ್ಟಲಿಲ್ಲ, ಓಬಯ್ಯನ ಸೊಂಟಕ್ಕೆ ಕಟ್ಟಿದಳಂತೆ! ಕಟ್ಟಿ, ಹಟ್ಟಿಯ ನಡುವೆ ಕೂರಿಸಿ, ಜುಂಜಣ್ಣ ಆ ಕಡೆಯಿಂದ ಈ ಕಡೆ ಹೋದಾಗಲೆಲ್ಲ ಹಗ್ಗ ಜಗ್ಗೋದಂತೆ. ಜುಂಜಣ್ಣ ಕೆರೆಗೆ ಹೊರಟ, ಜಗ್ಗು. ಜುಂಜಣ್ಣ ವಾಪಸ್ ಬಂದ, ಜಗ್ಗು. ಹೆಂಗಸರೆಲ್ಲ ಸೆರಗು ಬಾಯಿಗಿಟ್ಟುಕೊಂಡು, ಏನಣ್ಣ ಓಬಯ್ಯಣ್ಣ, ಯಾವ ಸಂತೆಗೆ ನಿನ್ನ ಹೊಡ್ಕೊಂಡು ಹೋಗ್ತಾರೆ, ಅಂತ ನಕ್ಕರಂತೆ. ಹೊತ್ತು ಇಳಿಯೋ ಅಷ್ಟರಲ್ಲಿ ಜುಂಜಣ್ಣನ ಪೇಟ ದೂರದಲ್ಲಿ ಕಂಡರೆ ಸಾಕು, ಓಬಯ್ಯನ ಮೈ ಬಿಗಿದುಕೊಳ್ಳೋದಂತೆ.

ಬೋರಕ್ಕ ಕೇಳಿದಳಂತೆ, ಜುಂಜಣ್ಣ ನಿಂಗೇನು ಮಾಡಿದ್ನಪ್ಪ? ಏನೂ ಮಾಡಿಲ್ಲ ಕಣಕ್ಕ. ಮತ್ಯಾಕೆ ಅವನ್ನ ನೋಡಿದ್ರೆ ಹಲ್ಲು ಕಡೀತೀಯ? ಓಬಯ್ಯ ಸೊಂಟದ ಹಗ್ಗ ನೋಡಿಕೊಂಡನಂತೆ. ಯಾರಾದ್ರೂ ಬಂದ ಕೂಡಲೆ ನಿಂಗೆ ಎದೆ ಡವಡವ ಅಂತದೆ, ಕೆಂಚಿ ಹಗ್ಗ ಕೈಗೆ ಸುತ್ಕೊಂಡು ಎಳೀತೀಯ, ಅಯ್ಯೋ ಬಂದ್ರು ಬಂದ್ರು ಅಂತ ನೀನೇ ಅದಕ್ಕೆ ಹೇಳ್ದಂಗಾಯ್ತಲ್ಲೋ ತಮ್ಮ, ಅದು ಬಡಪಾಯಿ, ತೋಳ ಬಂತೇನೋ ಅಂದ್ಕೊಂತದೆ, ಅಂದಳಂತೆ.

ಆಮೇಲೆ ಬೋರಕ್ಕ ಮೂರು ಮಾತು ಹೇಳಿದಳಂತೆ. ಒಂದು, ಹಗ್ಗ ಯಾವತ್ತೂ ಸಡಿಲವಾಗಿರಲಿ, ನಿನ್ನ ಕೈ ಗಟ್ಟಿಯಾಯ್ತು ಅಂತ ಅನ್ನಿಸಿದರೆ ನೀನೇ ಕೆಂಚಿಯನ್ನ ಕರ್ಕೊಂಡು ದೂರ ಹೋಗು. ಎರಡು, ಹೊಸಬರು ದೂರದಲ್ಲಿ ಚುಕ್ಕಿ ಹಾಗೆ ಕಾಣುವಾಗಲೇ, ಅದಕ್ಕೆ ಹೆದರಿಕೆ ಹುಟ್ಟೋ ಮುಂಚೆ, ಬಾಯಿಗೊಂದು ಮುದ್ದೆ ಚೂರು ಹಾಕು, ಅವಸರ ಮಾಡಿ ಹತ್ತಿರ ಕರ್ಕೊಂಡು ಹೋಗಬೇಡ. ಮೂರು, ಮೊದಲ ದಿನ ಯಾವ ಕಂಬಳಿಯಲ್ಲಿ ಸುತ್ತಿ ತಂದೆಯೋ ಅದನ್ನೇ ಮೂಲೆಯಲ್ಲಿ ಹಾಸು, ಹೆದರಿಕೆಯಾದರೆ ಅಲ್ಲಿಗೆ ಹೋಗಿ ಮಲಗೋದು ಕಲಿಸು, ಅಲ್ಲಿ ಮಲಗಿದಾಗ ಯಾರೂ ಕರೆಯಬಾರದು, ಯಾರೂ ಮುಟ್ಟಬಾರದು, ನಾಯಿನೂ ಅಷ್ಟೆ, ಕಂಬಳಿನೂ ಅಷ್ಟೆ. ಇಷ್ಟು ಹೇಳಿ, ಹೊಲದ ಹುಲ್ಲು ಮುಗಿದಿದ್ದಕ್ಕೆ ಬೋರಕ್ಕ ಮಂದೆ ಹೊಡ್ಕೊಂಡು ಮುಂದಿನ ಊರಿಗೆ ಹೊರಟುಹೋದಳಂತೆ.

ಹೂಂ ಅನ್ನು ಪುಟ್ಟಿ.

ಓಬಯ್ಯ ಮಾಡಿದನಂತೆ. ದಿನಾ ಮಡಿಲಲ್ಲಿ ಮುದ್ದೆ ಚೂರು ಕಟ್ಟಿಕೊಂಡು, ಕೆಂಚಿ ಜೊತೆ ದಿಬ್ಬದ ಮೇಲೆ ಕೂತು ದಾರಿಹೋಕರನ್ನ ಕಾಯೋದಂತೆ. ನನಗೆ ತಣ್ಣನೆ ಮುದ್ದೆ, ನಾಯಿಗೆ ಬಿಸಿ ಮುದ್ದೆ ಅಲ್ವಾ, ಅಂತ ಕಾಟಮ್ಮ ಬೈಯೋದಂತೆ, ಬೈದು ತಾನೇ ಇನ್ನೊಂದು ತುತ್ತು ಕಟ್ಟಿಕೊಡೋದಂತೆ. ದಿಬ್ಬದಿಂದ ಇಳಿದು ದಾರಿಯ ಪಕ್ಕಕ್ಕೆ ಬಂದರು, ಅಲ್ಲಿಂದ ಬಾವಿಯ ಹತ್ತಿರಕ್ಕೆ ಬಂದರು. ಒಂದು ದಿನ ಬಳೆಗಾರ ಧೈರ್ಯ ಮಾಡಿ ಬೀದಿಗೆ ಬಂದ, ಕೆಂಚಿ ಎದ್ದು ನಿಂತು, ಓಬಯ್ಯನ ಮುಖ ನೋಡಿ, ತಾನಾಗೇ ಒಳಗೆ ಹೋಗಿ ಕಂಬಳಿ ಮೇಲೆ ಸುರುಳಿ ಸುತ್ತಿಕೊಂಡು ಮಲಗಿತಂತೆ. ಓಬಯ್ಯನಿಗೆ ಅವತ್ತು ಊಟವೇ ಬೇಡವಾಯ್ತಂತೆ, ಅಷ್ಟು ಹಿಗ್ಗು. ಆಮೇಲೆ ಸಿರಿಯವ್ವ ಬಂದಳು, ಹೆತ್ತಳು, ಹೆಣ್ಣು ಮಗು. ಮಗು ಅತ್ತರೆ ಕೆಂಚಿ ಕಂಬಳಿಯಿಂದ ಬರೀ ತಲೆ ಎತ್ತಿ ನೋಡಿ ಮತ್ತೆ ಮಲಗೋದಂತೆ. ಗೆದ್ದೆ ಅಂದುಕೊಂಡನಂತೆ ಓಬಯ್ಯ.

ಹೆತ್ತ ಮನೆಗೆ ಪುರುಡು ಅಂತ ಮೈಲಿಗೆ ಇರುತ್ತಲ್ಲ, ಅದು ಕಳೆಯೋ ದಿನ ಮನೆಯ ಬಟ್ಟೆಬರೆ ಎಲ್ಲ ಒಗೀಬೇಕು. ಒಂದು ಚಿಂದಿ ಉಳಿದರೂ ಪುರುಡು ಕಳೆದ ಹಾಗಲ್ಲ ಅಂತ ಆ ಹಟ್ಟಿಯ ಪದ್ಧತಿ. ಕಾಟಮ್ಮ ಎಲ್ಲ ಒಗೆದು ಬೇಲಿ ತುಂಬ ಹರವಿದಳಂತೆ. ಉಳಿದದ್ದು ಕೆಂಚಿಯ ಕಂಬಳಿ. ಅದನ್ನ ಮಾತ್ರ ಬಿಡು ಮಾರಾಯ, ಬೋರಕ್ಕ ಮುಟ್ಟಬೇಡ ಅಂದವಳೆ, ಒಂದು ಕಂಬಳಿಗೆ ದೇವರೇನು ಕೋಪ ಮಾಡ್ಕೊಳ್ಳಲ್ಲ, ಅಂತ ಅವಳೇ ಅಂದಳಂತೆ. ಓಬಯ್ಯ ಕೇಳಬೇಕಲ್ಲ? ಬೀಗರ ಎದುರಿಗೆ ಈ ಕೊಳಕು ಕಂಬಳಿನಾ, ನನ್ನ ಕೆಂಚಿ ಹೆಂಗೆ ಮಲಗಿರುತ್ತೆ ಅಂತ ನಾಲ್ಕು ಜನ ನೋಡಬೇಕು ಕಣೆ, ಅಂದನಂತೆ. ಕೆಂಚಿ ಹೊರಗೆ ಬಿಸಿಲು ಕಾಯಿಸ್ತಿದ್ದಾಗ ಕಂಬಳಿ ಎತ್ತಿಕೊಂಡು ಕೆರೆಗೆ ಹೋಗಿ, ಅಂಟುವಾಳದ ಕಾಯಿ ಹಾಕಿ, ಕಲ್ಲಿನ ಮೇಲೆ ತುಳಿದು ತುಳಿದು, ಕುರಿಯ ವಾಸನೆ, ತನ್ನ ಬೆವರಿನ ವಾಸನೆ, ಆ ಮರಿಯ ವಾಸನೆ, ಎಲ್ಲ ನೀರಿಗೆ ಬಿಟ್ಟು ಬಂದನಂತೆ. ಪ್ರೀತಿಯಿಂದಲೇ ಒಗೆದನಂತೆ. ಆಮೇಲೆ ಬಾಳೆಲ್ಲ ಅವನನ್ನ ಸುಟ್ಟಿದ್ದು ಅದೇ.

ತೊಟ್ಟಿಲು ಕಟ್ಟೋ ದಿನ ಮನೆ ತುಂಬ ಜನ. ಕೆಂಚಿ ಕಲಿತ ಹಾಗೇ ಮೂಲೆಗೆ ಹೋಯ್ತಂತೆ. ಕಂಬಳಿ ಮೂಸಿತು, ಸುತ್ತ ತಿರುಗಿ ಇನ್ನೊಂದು ಸಲ ಮೂಸಿತು, ಕಾಲಲ್ಲಿ ಕೆರೆದು ಕೆಳಗೇನಾದರೂ ಇದೆಯಾ ಅಂತ ಹುಡುಕಿತಂತೆ. ಇಲ್ಲ. ಎದ್ದು ಬಂದು ಜನರ ಕಾಲುಗಳ ಮಧ್ಯೆ ಓಬಯ್ಯನ ಪಕ್ಕ ನಿಂತು ನಡುಗಿತಂತೆ. ಅದೇ ಹೊತ್ತಿಗೆ ಬೀಗಿತಿ, ಎಲ್ಲಿ ನನ್ನ ಮೊಮ್ಮಗಳು, ಅಂತ ತೊಟ್ಟಿಲಿಗೆ ಬಗ್ಗಿದಳು. ಓಬಯ್ಯ ಅತ್ತ ಜುಂಜಣ್ಣನ ಮುಖ ನೋಡಿದ, ಎದೆ ಧಸಕ್ ಅಂತು. ಕೈ ಅವನ ಮಾತು ಕೇಳಲಿಲ್ಲ, ಕೆಂಚಿಯ ಕತ್ತಿನ ಹಗ್ಗ ಸುತ್ತಿಕೊಂಡು ಜಗ್ಗಿತು. ಕೆಂಚಿ ಹಿಂದೆ ತಿರುಗಿ, ತನ್ನನ್ನ ಹಿಡಿದ ಕೈಗೇ ಹಲ್ಲು ಹಾಕಿತಂತೆ. ಹಾಕಿ, ಯಾರ ಕೈ ಅಂತ ತಿಳಿದ ಕೂಡಲೆ ಬಿಟ್ಟು, ಹೊಟ್ಟೆ ನೆಲಕ್ಕೆ ತಾಗಿಸಿಕೊಂಡು ರಾಗಿ ತುಂಬಿಡೋ ಮಣ್ಣಿನ ವಾಡೆಯ ಹಿಂದಕ್ಕೆ ತೆವಳಿತಂತೆ.

ಓಬಯ್ಯ ಕೈಯನ್ನ ಪಂಚೆಯೊಳಗೆ ಮುಚ್ಚಿಕೊಂಡು, ಏನಿಲ್ಲ, ಏನಿಲ್ಲ, ಮೊಳೆ ತರಚಿತು, ಅಂದನಂತೆ. ಅಪ್ಪಾ, ಪಂಚೆ ನೋಡ್ಕೋ, ರಕ್ತ, ಅಂತ ಸಿರಿಯವ್ವ ಅತ್ತಳಂತೆ. ಜುಂಜಣ್ಣ ದೊಣ್ಣೆ ಎತ್ತಿದನಂತೆ. ಓಬಯ್ಯ ಅಡ್ಡ ನಿಂತು, ಹೊಡೀಬೇಡಿ ಗೌಡ್ರೆ, ತಪ್ಪು ಅದರದಲ್ಲ, ನಾನೇ ಕರ್ಕೊಂಡು ಹೋಗಿ ಬಿಟ್ಟು ಬರ್ತೀನಿ, ಅಂದನಂತೆ.

ದಾರಿ ಕೇಳಿಕೊಂಡು ಬೋರಕ್ಕನ ಮಂದೆ ಹುಡುಕಿ ಹೋದನಂತೆ, ಹೋಗೋವಾಗ ಹಗ್ಗ ಸಡಿಲವಾಗೇ ಇತ್ತಂತೆ. ಬೋರಕ್ಕ ಕೈಯ ಗಾಯ ನೋಡಿದಳು, ಅವನ ಮುಖ ನೋಡಿದಳು, ಕಂಬಳಿ ಒಗೆದೆಯಾ, ಅಂದಳಂತೆ. ಹೂಂ ಅಕ್ಕ. ಅವಳು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಕೆಂಚಿಗೆ ಅವತ್ತು ಮನೆಯೊಳಗೇ ಮನೆ ಕಳೆದುಹೋಯ್ತು ಕಣೋ, ಅಂದಳಂತೆ ಅಷ್ಟೆ. ಮತ್ತೆ ಮೊದಲಿಂದ ಕಲಿಸ್ತೀನಿ ಕಣಕ್ಕ, ಕುರಿ ಮಧ್ಯೆ ಹಾಸಿ ಕಂಬಳಿಗೆ ವಾಸನೆ ಹಿಡಿಸ್ತೀನಿ, ಅಂತ ಓಬಯ್ಯ ಗೋಗರೆದನಂತೆ. ವಾಸನೆ ಹಿಡೀತದೆ, ಹೊತ್ತು ಬೇಕು, ಆ ಹೊತ್ತನ್ನ ನಿನ್ನ ಹಟ್ಟಿ ಕೊಡಲ್ಲ, ಬಿಟ್ಟು ಹೋಗು, ಅಂತ ಹಗ್ಗ ತಗೊಂಡಳಂತೆ.

ಮಾರನೇ ವರ್ಷ ಬೋರಕ್ಕನ ಮಂದೆ ಪಕ್ಕದೂರಿನ ಹೊಲಕ್ಕೆ ಬಂತಂತೆ. ಓಬಯ್ಯ ಓಡಿದನಂತೆ. ಬೋರಕ್ಕ ದೂರದಿಂದಲೇ ಕೈ ತೋರಿಸಿ, ಅಲ್ಲೇ ಕೂತ್ಕೊ, ಕರೀಬೇಡ, ಅಂದಳಂತೆ. ಕೂತನಂತೆ. ಕುರಿಗಳ ನಡುವೆ ಕೆಂಚಿ ಮೈ ತುಂಬಿಕೊಂಡು, ಹಗ್ಗವೇ ಇಲ್ಲದೆ ಓಡಾಡ್ತಿತ್ತಂತೆ. ದಾರಿಹೋಕರು ಹೋದರು, ಅದು ನೋಡಿ ಸುಮ್ಮನಾಯ್ತಂತೆ. ಆಮೇಲೆ ಗಾಳಿ ತಿರುಗಿ ಓಬಯ್ಯನ ವಾಸನೆ ಅದರ ಮೂಗಿಗೆ ಹೋಯ್ತು. ತಲೆ ಎತ್ತಿತು. ಬಾಲ ಅಲ್ಲಾಡಿತು. ನಡು ದಾರಿಯ ತನಕ ಬಂದು ನಿಂತಿತಂತೆ.

ಕೆಂಚೀ ಅನ್ನೋ ಮಾತು ಓಬಯ್ಯನ ಗಂಟಲ ತನಕ ಬಂದಿತ್ತಂತೆ. ಒಂದು ಸಲ ಕರೆದಿದ್ದರೆ ಬಂದೇ ಬಿಡ್ತಿತ್ತು. ಬಂದರೆ ಎಲ್ಲಿಗೆ ಕರ್ಕೊಂಡು ಹೋಗ್ತಾನೆ? ಕೈಯನ್ನ ತೊಡೆ ಮೇಲೆ ಸಡಿಲ ಬಿಟ್ಟು ಸುಮ್ಮನೆ ಕೂತನಂತೆ. ಅಷ್ಟರಲ್ಲಿ ಹಿಂದೆ ಒಂದು ಕುರಿಮರಿ ಅರಚಿತು. ಕೆಂಚಿ ಇವನನ್ನ ಇನ್ನೊಂದು ಸಲ ನೋಡಿ, ತಿರುಗಿ ತನ್ನ ಕೆಲಸಕ್ಕೆ ಓಡಿತಂತೆ.

ಬೇರೆ ಮಕ್ಕಳಿಗೆ ಹೇಳುವಾಗ ಅದು ಓಡಿ ಬಂದು ತೊಡೆ ಮೇಲೆ ತಲೆ ಇಟ್ಟಿತು ಅಂತ ಹೇಳ್ತೀನಿ. ನಿನಗೆ ಮಾತ್ರ ಇದ್ದದ್ದು ಇದ್ದ ಹಾಗೆ ಹೇಳಿದೆ.

ಅಂತೂ ಕೆಂಚಿ ಅಲ್ಲಿ ಸುಖವಾಗಿತ್ತಂತೆ, ಮಗು ಇಲ್ಲಿ ಅಂಬೆಗಾಲಿಟ್ಟಿತಂತೆ, ಓಬಯ್ಯನೂ ಯಾರಾದರೂ ಕೇಳಿದರೆ ಸುಖವಾಗಿದೀನಿ ಅಂತಿದ್ದನಂತೆ, ಕತೆ ಅಲ್ಲಿಗೆ ಹೊದ್ದು ಮಲಗಿತಂತೆ. ನೀನೂ ಮಲಗು. ಕಣ್ಣು ಮುಚ್ಚೋ ಮುಂಚೆ ಒಂದೇ ಒಂದು ಮಾತು ಪುಟ್ಟಿ, ಬೆಳಿಗ್ಗೆ ನಿಮ್ಮಪ್ಪ ಚಾ ಅಂಗಡಿ ಕಡೆ ಹೋದರೆ, ಈ ಕತೆ ಹೇಳಿದ ಮಾಮನ ಚಾ ಕಾಸೂ ನೀನೇ ಕೊಟ್ಟುಬಿಡಪ್ಪ ಅಂತ ಹೇಳ್ತೀಯಾ?